ಕೋಡ್ ಹೇಳಿದ್ದು ಅಷ್ಟೇ

ಆಕ್ಸಿಲರೇಟರ್ ತುಳಿದರೂ ಕಾರು ಏಳುವುದಿಲ್ಲ. ಸ್ಕ್ಯಾನರ್‌ನಲ್ಲಿ ಯು0107 ಎಂಬ ಕೋಡ್. ‘ಥ್ರಾಟಲ್ ಬಾಡಿ ಹೋಗಿದೆ, ಬದಲಿಸಬೇಕು’ ಎನ್ನುತ್ತಾರೆ ಗ್ಯಾರೇಜಿನವರು. ಕೋಡ್ ಹಾಗೆ ಹೇಳಿಲ್ಲ. ಥ್ರಾಟಲ್ ನಿಯಂತ್ರಿಸುವ ಮಾಡ್ಯೂಲ್‌ನಿಂದ ಸಂದೇಶ ಬರುತ್ತಿಲ್ಲ ಎಂದಷ್ಟೇ ಅದರ ಅರ್ಥ. ಫೋನ್ ಎತ್ತದವರೆಲ್ಲ ಸತ್ತಿರುವುದಿಲ್ಲ, ಲೈನೇ ಕಡಿದಿರಬಹುದು.

ಮೊದಲು ನೋಡಬೇಕಾದದ್ದು ಬ್ಯಾಟರಿ ವೋಲ್ಟೇಜ್, ಫ್ಯೂಸ್, ಅರ್ತ್, ತುಕ್ಕು ಹಿಡಿದ ಕನೆಕ್ಟರ್. ಆಮೇಲೆ ಬ್ಯಾಟರಿ ಕಳಚಿ, ಹೈಸ್ಪೀಡ್ ಕ್ಯಾನ್ ಜಾಲದ ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿಯಬೇಕು. ಜಾಲದ ಎರಡೂ ತುದಿಗಳಲ್ಲಿ 120 ಓಮ್‌ನ ರೆಸಿಸ್ಟರ್ ಇರುವುದರಿಂದ ಸುಮಾರು 60 ಓಮ್ ಬರಬೇಕು. 120 ಬಂದರೆ ಎಲ್ಲೋ ತಂತಿ ಕಡಿದಿರಬಹುದು. ಸೊನ್ನೆಯ ಹತ್ತಿರವಿದ್ದರೆ ತಂತಿಗಳು ಒಂದಕ್ಕೊಂದು ತಾಗಿವೆ.

ಇಷ್ಟನ್ನೂ ಅಳೆಯದೆ ಹೊಸ ಭಾಗಕ್ಕೆ ಬಿಲ್ ಬರೆಯುವುದು ರಿಪೇರಿಯಲ್ಲ, ಊಹೆ. ಅದರ ದುಡ್ಡು ಗ್ರಾಹಕ ಕೊಡಬೇಕಾಗಿಲ್ಲ. ‘ಮೀಟರ್ ಎಷ್ಟು ತೋರಿಸಿತು?’ ಎಂದು ಮೊದಲು ಕೇಳಲಿ.