ತೊಡೆಯ ಉರಿ, ಕೀಹೋಲ್ ಶಸ್ತ್ರಕ್ರಿಯೆ ಮತ್ತು ರೋಗಿಯ ಭಾಷೆ

ಅಗಲವಾಗಿ ಕೊಯ್ಯದೆ, ಸಣ್ಣ ರಂಧ್ರದಿಂದ ನಳಿಗೆ ಇಳಿಸಿ ನಡೆಸುವ ಕೀಹೋಲ್ ಶಸ್ತ್ರಕ್ರಿಯೆ ಈಗ ಹೊಸತಲ್ಲ. ಪಿತ್ತಕೋಶಕ್ಕೂ ಅಪೆಂಡಿಕ್ಸಿಗೂ ಅದು ದಿನನಿತ್ಯದ ಮಾತಾಗಿದೆ. ತೊಡೆಯಲ್ಲಿ ಸಿಕ್ಕಿಬಿದ್ದ ನರವನ್ನು ಸಹ ಇದೇ ಕ್ರಮದಿಂದ ಬಿಡಿಸುವ ಶಸ್ತ್ರವೈದ್ಯರು ಇಂದು ಇದ್ದಾರೆ. ಸಂತೋಷದ ಸಂಗತಿಯೇ. ಆದರೆ ಈ ರೋಗವನ್ನು ಬಹುಪಾಲು ಪತ್ತೆ ಹಚ್ಚುವುದು ಯಂತ್ರವಲ್ಲ, ರೋಗಿಯ ಬಾಯಿಮಾತು. ಆ ಮಾತೇ ವೈದ್ಯರಿಗೆ ತಿಳಿಯದಿದ್ದರೆ ಗತಿಯೇನು ಎಂಬುದು ಭಾಷಾ ಅಲ್ಪಸಂಖ್ಯಾತರಾದ ನಾವು ವಿಚಾರಿಸಬೇಕಾದ ವಿಷಯ.

ರೋಗದ ಹೆಸರು ಮೆರಾಲ್ಜಿಯ ಪ್ಯಾರೆಸ್ಥೆಟಿಕ. 1895ರಲ್ಲಿ ಈ ಹೆಸರಿಟ್ಟವರು ರಷ್ಯದ ವೈದ್ಯ ರೋತ್. ಮನೋವಿಜ್ಞಾನಿ ಫ್ರಾಯ್ಡನಿಗೂ ಇದು ಬಾಧಿಸಿತ್ತು; ಅದೇ ವರ್ಷ ಆತ ತನ್ನ ಅನುಭವವನ್ನು ಬರೆದಿಟ್ಟ. ಬೆನ್ನುಹುರಿಯಿಂದ ಹೊರಟ ನರವೊಂದು ಸೊಂಟದ ಮುಂಭಾಗದ ಎಲುಬಿನ ತುದಿಯ ಪಕ್ಕದಲ್ಲಿ, ತೊಡೆಸಂದಿನ ಬಿಗಿ ಪಟ್ಟಿಯ ಕೆಳಗೆ ನುಸುಳಿ ತೊಡೆಯ ಹೊರಮೈ ಚರ್ಮಕ್ಕೆ ಹೋಗುತ್ತದೆ. ಅಲ್ಲಿ ಅದು ಅದುಮಿದರೆ ಹೊರತೊಡೆಯಲ್ಲಿ ಉರಿ, ಜೋಮು, ಮುಟ್ಟಿದರೆ ಚುಚ್ಚಿದಂತಹ ನೋವು. ಬೊಜ್ಜು, ಗರ್ಭ, ಬಿಗಿಯಾದ ಬೆಲ್ಟು ಇದಕ್ಕೆ ಕಾರಣವಾಗಬಲ್ಲವು. ಎಳೆದು ಕಟ್ಟಿದ ಲಂಗದ ಲಾಡಿಯನ್ನೂ ಮರೆಯಬಾರದು. ಸಕ್ಕರೆ ಕಾಯಿಲೆಯವರಿಗೆ ಅಪಾಯ ಹೆಚ್ಚು.

ಈ ನರ ಸ್ಪರ್ಶಜ್ಞಾನಕ್ಕೆ ಮಾತ್ರ ಸೇರಿದ್ದು. ಆದುದರಿಂದ ಕಾಲಿನ ಬಲ ಕುಂದುವುದಿಲ್ಲ. ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅದು ಬೇರೆಯೇ ಕಾಯಿಲೆ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನು ಮೆಟ್ಟೂರಿನ ಮಾತು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದಾಗ, ಸೇಲಂ ಜಿಲ್ಲೆಯ ಕನ್ನಡಿಗರು ಮದ್ರಾಸು ರಾಜ್ಯದಲ್ಲೇ ಉಳಿದರು. 1934ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಆ ಊರಿಗೆ ನೀರು ಬರುವುದು ಕರ್ನಾಟಕದಿಂದ, ಆಸ್ಪತ್ರೆಯ ಚೀಟಿ ಮಾತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ. ಅದರಲ್ಲಿ ಅನ್ಯಾಯವೇನೂ ಇಲ್ಲ, ರಾಜ್ಯ ಅವರದು. ಮಕ್ಕಳು ತಮಿಳು ಓದಿದವರು, ಅವರಿಗೆ ತೊಡಕಿಲ್ಲ. ತೊಡಕಾಗುವುದು ಮನೆಮಾತಿನಲ್ಲೇ ದಿನ ಕಳೆದ ಹಿರಿಯರಿಗೆ. ಅಜ್ಜಿ "ಜೋಮು ಹಿಡಿದಿದೆ" ಎಂದರೆ ತಮಿಳಿನಲ್ಲಿ ಅದು "ಮರತ್ತುಪ್ಪೋಚ್ಚು" ಎಂದಾದೀತು. ಆದರೆ ಜೋಮಿನಲ್ಲಿರುವ ಜುಮುಜುಮು ಅಲ್ಲಿ ಕಳೆದುಹೋಗಿ ಬರೀ ಮರಗಟ್ಟಿದ್ದೊಂದೇ ಉಳಿಯುತ್ತದೆ. ಜೊತೆಗೆ ಬಂದ ಮೊಮ್ಮಗನ ಮುಂದೆ ತೊಡೆಸಂದಿನ ವಿಷಯ ಹೇಳಲು ನಾಚಿಕೆ. ಕೊನೆಗೆ "ಕಾಲು ನೋವು" ಎಂಬ ಎರಡೇ ಶಬ್ದ ಡಾಕ್ಟರರಿಗೆ ಮುಟ್ಟುತ್ತದೆ. ಕಾಲು ನೋವೆಂದರೆ ಬೆನ್ನಿನ ಸ್ಕ್ಯಾನು. ವಯಸ್ಸಾದವರ ಬೆನ್ನಿನಲ್ಲಿ ಏನಾದರೊಂದು ಸವೆತ ಕಾಣದೆ ಇರುವುದೂ ಅಪರೂಪ. ಅಲ್ಲಿಂದ ಚಿಕಿತ್ಸೆಯ ದಾರಿಯೇ ತಪ್ಪಬಹುದು. ಕಾಸರಗೋಡಿನ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಗಳೂರು ಹತ್ತಿರವಿರುವುದು ನಮ್ಮ ಪುಣ್ಯ. ಮೆಟ್ಟೂರಿನವರಿಗೆ ಹತ್ತಿರದ ದೊಡ್ಡ ಊರು ಸೇಲಂ, ಅಲ್ಲಿಯೂ ತಮಿಳೇ.

ಸರಿಯಾಗಿ ಪತ್ತೆಯಾದರೆ ಹೆಚ್ಚಿನವರಿಗೆ ಶಸ್ತ್ರಕ್ರಿಯೆಯೇ ಬೇಡ. ಬಿಗಿ ಸಡಿಲಿಸುವುದು, ತೂಕ ಇಳಿಸುವುದು, ನರದ ನೋವಿಗೆಂದೇ ಇರುವ ಮಾತ್ರೆ, ಅದಕ್ಕೂ ಬಗ್ಗದಿದ್ದರೆ ನರದ ಬಳಿ ಮರಗಟ್ಟಿಸುವ ಇಂಜೆಕ್ಷನ್. ಇಂಜೆಕ್ಷನ್‌ನಿಂದ ಉರಿ ತಾತ್ಕಾಲಿಕವಾಗಿ ನಿಂತರೂ ರೋಗ ಇದೇ ಎಂಬುದಕ್ಕೆ ಅದು ಪುರಾವೆ. ತಿಂಗಳುಗಟ್ಟಲೆ ಇವೆಲ್ಲ ಮಾಡಿಯೂ ತಾಳಲಾರದವರಿಗೆ ಮಾತ್ರ ಶಸ್ತ್ರಕ್ರಿಯೆ.

ಅದರಲ್ಲಿಯೂ ಎರಡು ಬಗೆ. ಬಿಗಿ ಪಟ್ಟಿಯನ್ನು ಸಡಿಲಿಸಿ ನರವನ್ನು ಉಳಿಸುವುದು ಒಂದು. ಇದರಲ್ಲಿ ನೋವು ಮರುಕಳಿಸಲೂಬಹುದು. ನರವನ್ನೇ ಕತ್ತರಿಸಿ ತೆಗೆಯುವುದು ಇನ್ನೊಂದು. ಉರಿ ಹೋದರೂ ತೊಡೆಯ ಆ ಭಾಗ ಶಾಶ್ವತವಾಗಿ ಸ್ಪರ್ಶ ಕಳೆದುಕೊಳ್ಳುತ್ತದೆ. ರಂಧ್ರ ಚಿಕ್ಕದೆಂಬ ಮಾತ್ರಕ್ಕೆ ಒಳಗೆ ನಡೆಯುವ ಕೆಲಸ ಚಿಕ್ಕದಾಗುವುದಿಲ್ಲ. ಯಾವುದನ್ನು ಮಾಡುತ್ತೀರಿ ಎಂದು ರುಜು ಹಾಕುವ ಮೊದಲು ಕೇಳಲೇಬೇಕು.

ರುಜುವಿನ ಬಗ್ಗೆ ಕಾನೂನು ಸ್ಪಷ್ಟವಾಗಿದೆ. ಕೀಹೋಲ್ ತಪಾಸಣೆಗೆಂದು ಒಪ್ಪಿದ್ದ ಮಹಿಳೆಗೆ ಅರಿವಳಿಕೆ ಕೊಟ್ಟ ಬಳಿಕ, ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರ ಜನವರಿಯಲ್ಲಿ ಆ ಒಪ್ಪಿಗೆ ಸಲ್ಲದೆಂದು ತೀರ್ಪಿತ್ತಿತು. ರೋಗಿ ವಯಸ್ಕಳಾಗಿದ್ದು, ಪ್ರಾಣಕ್ಕೆ ತುರ್ತಿಲ್ಲದಿದ್ದಾಗ ಆಕೆ ಎಚ್ಚರಗೊಂಡ ಮೇಲೆ ಆಕೆಯನ್ನೇ ಕೇಳಬೇಕಿತ್ತು. ಮೊಮ್ಮಗನ ರುಜು ಅಜ್ಜಿಯ ರುಜುವಾಗದು. ರಾಷ್ಟ್ರೀಯ ಮಾನವ ಹಕ್ಕು ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಪಟ್ಟಿಯೂ ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆನ್ನುತ್ತದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು ಜಾರಿಗೆ ತರುವಂತೆ ರಾಜ್ಯಗಳಿಗೆ ಬರೆದಿತ್ತು.

ಕೇಳಬೇಕಾದ್ದು ದೊಡ್ಡದೇನಲ್ಲ. ಕನ್ನಡ ಬಲ್ಲ ದಾದಿಯೊಬ್ಬರನ್ನು ಅಜ್ಜಿಯ ಪಕ್ಕ ಹತ್ತು ನಿಮಿಷ ನಿಲ್ಲಿಸುವುದು, ಉರಿ, ಜೋಮು, ಚುಚ್ಚು, ಮರಗಟ್ಟು ಎಂಬ ನಾಲ್ಕು ಶಬ್ದಗಳನ್ನು ತಮಿಳಿನ ಪಕ್ಕ ಕನ್ನಡದಲ್ಲಿ ಬರೆದ ಒಂದು ಹಲಗೆ, ಕನ್ನಡದ ಒಪ್ಪಿಗೆಪತ್ರ. ಮೆಟ್ಟೂರಿನ ಕನ್ನಡಿಗರು ಸೇಲಂ ಜಿಲ್ಲಾಧಿಕಾರಿಗಳಿಗೆ ಮನವಿ ಕೊಡುವುದಾದರೆ ಈ ಮೂರನ್ನು ಬರೆಯಲಿ. ಆಸ್ಪತ್ರೆಗೆ ಹೋಗುವ ಹಿರಿಯರು ಅಲ್ಲಿಯವರೆಗೆ ತೊಡೆಯಲ್ಲಿ ಉರಿಯುವ ಜಾಗದ ಸುತ್ತ ಪೆನ್ನಿನಿಂದ ಒಂದು ಗೆರೆ ಎಳೆದುಕೊಂಡು ಹೋಗುವುದು ಒಳ್ಳೆಯದು. ಆ ಗೆರೆಯನ್ನು ಓದಲು ಯಾವ ವೈದ್ಯರಿಗೂ ಭಾಷೆ ಬೇಕಾಗದು.