ಮಗಳ ಹೆಸರು ಪಟ್ಟಿಯಲ್ಲಿದೆಯೇ?

“ನಾಳೆ ಮದುವೆಯಾಗಿ ಹೋಗುವವಳು, ಗಂಡನ ಊರಲ್ಲೇ ಮತದಾರರ ಪಟ್ಟಿಗೆ ಸೇರಲಿ” ಎನ್ನುವ ತಾಯಂದಿರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಇಂದಿಗೂ ಇದ್ದಾರೆ. ಸಹೋದರಿಯರೇ, ನೀವು ಹಾಗೆನ್ನಬೇಡಿ.

ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ, ಸಂವಿಧಾನದ 61ನೇ ತಿದ್ದುಪಡಿಯಿಂದ. ಆಸ್ಟ್ರಿಯಾದಲ್ಲಿ 2007ರಿಂದಲೇ 16 ತುಂಬಿದವರಿಗೂ ಮತವಿದೆ. ನಮ್ಮಲ್ಲೂ ಹಾಗಾಗಬೇಕೇ ಎಂಬ ಚರ್ಚೆ ನಡೆಯಲಿ. ಇರುವ ಹಕ್ಕನ್ನು ಮೊದಲು ಪಡೆಯೋಣ.

17 ತುಂಬಿದವರು ನಮೂನೆ 6ರಲ್ಲಿ ಮುಂಗಡವಾಗಿಯೇ ಅರ್ಜಿ ಕೊಡಬಹುದು. 2022ರಿಂದ ಜನವರಿ, ಎಪ್ರಿಲ್, ಜುಲೈ, ಅಕ್ಟೋಬರ್ 1 ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ. ಮದುವೆಯಾಗಿ ಊರು ಬದಲಾದರೆ ನಮೂನೆ 8 ಸಾಕು.

ಮಗಳ ಚಿನ್ನಕ್ಕೆ ವರ್ಷಗಟ್ಟಲೆ ಕೂಡಿಡುವ ನಾವು, ಅವಳ ಹೆಸರಿಗಾಗಿ ಒಂದು ದಿನ ಬಿಡುವು ಮಾಡಿಕೊಳ್ಳಲಾರೆವೇ?