ಪೋಲಾಗುವ ಹಬೆಯೂ ಕಡಿದ ಕಾಡೇ

ಅಡಕೆ ಬೇಯಿಸುವ ಮನೆಯಲ್ಲಿ ಒಮ್ಮೆ ಕುದಿದ ಚೊಗರನ್ನು ಯಾರೂ ಅಂಗಳಕ್ಕೆ ಚೆಲ್ಲುವುದಿಲ್ಲ. ಅದೇ ಬಿಸಿ ಚೊಗರಿಗೆ ಮುಂದಿನ ಹಂಡೆಯ ಅಡಕೆ ಬೀಳುತ್ತದೆ. ಸತ್ವವೂ ಉಳಿಯುತ್ತದೆ, ಸೌದೆಯೂ ಉಳಿಯುತ್ತದೆ. ಮಲೆನಾಡಿನ ಈ ಸಾಮಾನ್ಯ ವಿವೇಕ ಕಾರ್ಖಾನೆಗಳಲ್ಲಿ ಎಷ್ಟರಮಟ್ಟಿಗೆ ಇದೆ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಕಾಗದ ಮತ್ತು ಸಕ್ಕರೆ ಕಾರ್ಖಾನೆಗಳು, ಬಟ್ಟೆಗೆ ಬಣ್ಣ ಹಾಕುವ ಘಟಕಗಳು, ಕರಾವಳಿಯ ಕುಚ್ಚಲಕ್ಕಿ ಗಿರಣಿಗಳು, ಗೇರುಬೀಜದ ಕಾರ್ಖಾನೆಗಳು ಇವೆಲ್ಲಕ್ಕೂ ಹಬೆ ಬೇಕು. ಹಬೆಗೆ ಬಾಯ್ಲರ್ ಬೇಕು, ಬಾಯ್ಲರಿಗೆ ಕಲ್ಲಿದ್ದಲು, ಸೌದೆ, ಹೊಟ್ಟು ಅಥವಾ ಕಬ್ಬಿನ ಸಿಪ್ಪೆ ಬೇಕು. 30 ಡಿಗ್ರಿಯ ಒಂದು ಕಿಲೋ ನೀರನ್ನು ಕುದಿಯುವ ಹಂತಕ್ಕೆ ತರಲು ಸುಮಾರು 70 ಕಿಲೋಕ್ಯಾಲೊರಿ ಸಾಕು. ಆ ಕುದಿನೀರನ್ನು ಹಬೆಯಾಗಿಸಲು ಮತ್ತೆ 540 ಕಿಲೋಕ್ಯಾಲೊರಿ ಬೇಕು. ಹೀಗೆ ದುಬಾರಿಯಾಗಿ ಹುಟ್ಟಿದ ಹಬೆ ಹಾದಿಯುದ್ದಕ್ಕೂ ಸೋರುತ್ತದೆ.

ಏಳು ಪಟ್ಟು ವಾಯುಭಾರದ ಒತ್ತಡವಿರುವ ಕೊಳವೆಯಲ್ಲಿ ಮೂರು ಮಿಲಿಮೀಟರಿನ ಒಂದು ತೂತು ಇದ್ದರೆ ಗಂಟೆಗೆ ಸುಮಾರು 25 ಕಿಲೋ ಹಬೆ ಹೊರಹೋಗುತ್ತದೆ. ಸೌದೆಯ ಬಾಯ್ಲರಿನಲ್ಲಿ ಅದರ ಬೆಲೆ ದಿನಕ್ಕೆ ಹೆಚ್ಚುಕಡಿಮೆ ಎರಡು ಕ್ವಿಂಟಲ್ ಸೌದೆ. ಹೊದಿಕೆಯಿಲ್ಲದ ಕೊಳವೆ, ಕೆಟ್ಟುಹೋದ ಸ್ಟೀಮ್ ಟ್ರ್ಯಾಪ್ ಮಾಡುವುದೂ ಇದೇ ಕೆಲಸವನ್ನು. ಟ್ರ್ಯಾಪ್ ಎಂದರೆ ತಣಿದ ನೀರನ್ನು ಮಾತ್ರ ಹೊರಬಿಟ್ಟು ಹಬೆಯನ್ನು ತಡೆಯುವ ಪುಟ್ಟ ಕಾವಲುಗಾರ. ಅದು ಬಾಯಿ ತೆರೆದು ಕುಳಿತರೆ ಹಬೆಯೇ ಚರಂಡಿಯ ಪಾಲು.

ಶಾಖ ಕೊಟ್ಟು ತಣಿದ ಹಬೆ ಶುದ್ಧವಾದ ಬಿಸಿನೀರಾಗಿ ಉಳಿಯುತ್ತದೆ. ಅದನ್ನು ಬಾಯ್ಲರಿಗೆ ಮರಳಿಸಿದರೆ ಇಂಧನವೂ ನದಿಯ ನೀರೂ ಉಳಿಯುತ್ತವೆ. ಬಾಯ್ಲರಿಗೆ ಹೋಗುವ ನೀರು ಪ್ರತಿ 6 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಶೇಕಡಾ 1ರಷ್ಟು ಇಂಧನ ಉಳಿಯುತ್ತದೆ ಎಂಬುದು ಈ ವೃತ್ತಿಯವರು ಬಲ್ಲ ಲೆಕ್ಕ. ಅಂದರೆ 30 ಡಿಗ್ರಿಯ ನೀರಿನ ಬದಲು 90 ಡಿಗ್ರಿಯದನ್ನು ಕೊಟ್ಟರೆ ಹತ್ತರಲ್ಲಿ ಒಂದು ಪಾಲಿನ ಸೌದೆ ಮಿಕ್ಕಿತು.

ಇನ್ನೊಂದು ನಷ್ಟ ಕಣ್ಣಿಗೆ ಕಾಣದು. ಹೆಚ್ಚು ಒತ್ತಡದಲ್ಲಿ ತಯಾರಾದ ಹಬೆಯನ್ನು ಬಳಸುವ ಮುನ್ನ ಹಲವೆಡೆ ವಾಲ್ವಿನ ಮೂಲಕ ಸುಮ್ಮನೆ ಒತ್ತಡ ಇಳಿಸುತ್ತಾರೆ. ಆ ಜಾಗದಲ್ಲಿ ಒಂದು ಟರ್ಬೈನ್ ಇಟ್ಟರೆ ಇಳಿಯುವ ಒತ್ತಡವೇ ವಿದ್ಯುತ್ತು ಕೊಡುತ್ತದೆ, ಹೊರಬಂದ ಹಬೆ ಬೇಯಿಸುವ ಕೆಲಸಕ್ಕೂ ಒದಗುತ್ತದೆ. ಕರ್ನಾಟಕದ ಹಲವು ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯನ್ನು ಉರಿಸಿ ಹೀಗೆ ತಮಗೆ ಬೇಕಾದಷ್ಟು ವಿದ್ಯುತ್ತನ್ನು ಪಡೆದು ಮಿಕ್ಕದ್ದನ್ನು ಮಾರುತ್ತಿವೆ. ಒಂದು ಪಾತ್ರೆಯ ರಸದಿಂದ ಎದ್ದ ಹಬೆಯಿಂದಲೇ ಮುಂದಿನ ಪಾತ್ರೆಯ ರಸ ಕುದಿಸುವ ವಿಧಾನಕ್ಕೆ ನಾರ್ಬರ್ಟ್ ರಿಲ್ಯೂ ಅಮೆರಿಕದ ಲೂಸಿಯಾನಾದಲ್ಲಿ ಪೇಟೆಂಟ್ ಪಡೆದದ್ದು 1840ರ ದಶಕದಲ್ಲಿ. ವಿದ್ಯೆ ಹೊಸದಲ್ಲ, ಮನಸ್ಸಿನದೇ ಕೊರತೆ.

ಕಾನೂನೂ ಇದೆ. 2001ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆ ಬಂತು. 2012ರಲ್ಲಿ ಆರಂಭವಾದ ಯೋಜನೆಯೊಂದು ಕಾಗದ, ಜವಳಿ ಮೊದಲಾದ ಉದ್ಯಮಗಳ ದೊಡ್ಡ ಘಟಕಗಳಿಗೆ ಇಂಧನ ಉಳಿತಾಯದ ಗುರಿ ವಿಧಿಸಿತು. ಆದರೆ ಸೌದೆ ಉರಿಸುವ ಸಣ್ಣ ಗಿರಣಿಗಳು ಅದರ ಲೆಕ್ಕಕ್ಕೆ ಸಿಗಲಿಲ್ಲ. ಮಲೆನಾಡಿನ ಮರಕ್ಕೆ ನೇರವಾಗಿ ಬಾಯಿ ಹಾಕುವವು ಇವೇ.

ಹಬೆ ಉಳಿಸಿದ ಮಾತ್ರಕ್ಕೆ ಅಣೆಕಟ್ಟೆಗಳ ಯೋಜನೆ ನಿಲ್ಲುತ್ತದೆಂದು ಹೇಳಲಾಗದು. ಉಳಿದ ಇಂಧನದಲ್ಲಿ ಕಾರ್ಖಾನೆ ಮತ್ತಷ್ಟು ಬೆಳೆಯಲೂಬಹುದು. ಆದರೂ ಲಿಂಗನಮಕ್ಕಿಗೆ, ಸೂಪಾಕ್ಕೆ ಊರುಗಳನ್ನೇ ಕೊಟ್ಟ ಜನರಿಗೆ ಒಂದು ಹಕ್ಕಿದೆ. ಇನ್ನೊಂದು ಕಣಿವೆಯನ್ನು ಕೇಳುವ ಮುನ್ನ, ಈಗಾಗಲೇ ಪಡೆದ ಇಂಧನದಲ್ಲಿ ಎಷ್ಟು ಬಳಕೆಯಾಯಿತು, ಎಷ್ಟು ಚರಂಡಿ ಸೇರಿತು ಎಂಬ ಲೆಕ್ಕ ಸಾರ್ವಜನಿಕರ ಮುಂದೆ ಬರಲಿ. ಪರಿಸರ ಸಂಬಂಧಿ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಹಳ್ಳಿಗರೂ ವಿದ್ಯಾರ್ಥಿಗಳೂ ಎದ್ದು ನಿಂತು ಮೊದಲು ಕೇಳಬೇಕಾದದ್ದು ಇದನ್ನೇ: ನಿಮ್ಮ ಚೊಗರನ್ನು ಎಲ್ಲಿ ಚೆಲ್ಲುತ್ತಿದ್ದೀರಿ?